ತಂಗಿಯ ಕೆಂಪು ಗಿಡಗಳು

ನನ್ನ ತಂಗಿಯ ಗಂಡ ಹಿರಿಯೂರಿನ ಬಳಿ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡ ಮೇಲೆ, ಅವಳ ಅತ್ತೆಯ ಮನೆಯವರು ಒಡವೆ ಪಾತ್ರೆಗಳನ್ನೆಲ್ಲ ತಾವೇ ಇಟ್ಟುಕೊಂಡು, ಮೂರಡಿ ಉದ್ದದ ಗಾಜಿನ ಮೀನಿನ ತೊಟ್ಟಿಯೊಂದನ್ನು ಮಾತ್ರ ಹೊಳಲ್ಕೆರೆಯ ನಮ್ಮ ಮನೆಗೆ ಕಳಿಸಿಕೊಟ್ಟರು. ಸರಕಿನ ಆಟೊದಲ್ಲಿ, ಹಳೆಯ ಕಂಬಳಿ ಸುತ್ತಿಕೊಂಡು ಅದು ಬಂತು. ಒಳಗೆ ನೀರಿರಲಿಲ್ಲ, ಮೀನಿರಲಿಲ್ಲ. ತಳದಲ್ಲಿ ನೀಲಿ ಬಣ್ಣ ಬಳಿದ ಒಂದು ಹಿಡಿ ಕಲ್ಲುಗಳಿದ್ದವು. ಹೆಣ್ಣಿನ ಒಡವೆ ಹೆಣ್ಣಿನದು. ಅದನ್ನು ಹಿಡಿದಿಟ್ಟುಕೊಳ್ಳುವುದು ಅನ್ಯಾಯ. ಅಂದೂ ಅದನ್ನು ಅನ್ಯಾಯವೆಂದೇ ಕರೆದೆ, ಇಂದೂ ಹಾಗೆಯೇ ಕರೆಯುತ್ತೇನೆ. ಆ ಸಂಜೆಯೇ ದೂರಿನ ಕರಡು ಬರೆದು ತಂಗಿಯ ಕೈಗಿತ್ತೆ. ಅವಳು ಅದನ್ನು ಪೂರ್ತಿ ಓದಿದಳು, ನಾಲ್ಕು ಮಡಿಕೆ ಮಾಡಿದಳು, ತೊಟ್ಟಿಯಿಟ್ಟ ಮೇಜಿನ ಕುಂಟು ಕಾಲಿನ ಕೆಳಗೆ ಒತ್ತಿಟ್ಟಳು.

"ಸಮಾ ಆತು ನೋಡಣ್ಣ. ಇನ್ನು ಅಲುಗಾಡಲ್ಲ."

ನಾನು ಚಿತ್ರದುರ್ಗದಲ್ಲಿದ್ದುಕೊಂಡು ಕುಡಿಯುವ ನೀರು, ಹೆಂಗಸರ ಹಕ್ಕು, ಜಾತಿಯ ಕಟ್ಟುಪಾಡು ಇಂಥ ವಿಷಯಗಳಿಗಾಗಿ ಹಳ್ಳಿ ತಿರುಗುವವನು, ಭಾನುವಾರಗಳಿಗೆ ಹೊಳಲ್ಕೆರೆಗೆ ಬರುವವನು. ನಾನು ಓದಿದ ವಸತಿ ಶಾಲೆಯಲ್ಲಿ ಬೆತ್ತವಿರಲಿಲ್ಲ, ಮೊದಲ ಸ್ಥಾನ ಕೊನೆಯ ಸ್ಥಾನಗಳಿರಲಿಲ್ಲ. ಪ್ರತಿ ಸಂಜೆ ಮಕ್ಕಳೆಲ್ಲ ವೃತ್ತವಾಗಿ ಕುಳಿತು, ಆ ದಿನ ಕಣ್ಣಿಗೆ ಬಿದ್ದ ಒಂದು ತಪ್ಪನ್ನು ಎದ್ದು ನಿಂತು ಹೇಳಬೇಕಿತ್ತು. ಅದು ಗೆಳೆಯನದಾದರೂ ಸರಿ, ಗುರುಗಳದಾದರೂ ಸರಿ. ಹೆಸರಿಡದ ತಪ್ಪು ಬೆಳೆಯುತ್ತಲೇ ಹೋಗುತ್ತದೆ ಎಂದು ನಮಗೆ ಕಲಿಸಲಾಗಿತ್ತು. ಮನೆಯಿಂದ ಒಂದೇ ಮಗುವನ್ನು ಅಲ್ಲಿಗೆ ಕಳಿಸಲು ಸಾಧ್ಯವಿದ್ದಾಗ ಗಂಡುಮಗುವನ್ನು ಕಳಿಸಿದರು. ತಂಗಿ ಊರಿನ ಶಾಲೆಯಲ್ಲೇ ಓದಿ ಲ್ಯಾಬ್ ಟೆಕ್ನೀಷಿಯನ್ ಆದಳು. ಇದೂ ಒಂದು ಅನ್ಯಾಯ, ಮತ್ತು ಇದರ ಲಾಭ ಪಡೆದವನು ನಾನು.

ತಿಥಿಯ ದಿನ ಅವಳ ಬಳೆ ಒಡೆಯಲು ಬಂದ ಹೆಂಗಸರನ್ನು ನಾನು ಬಾಗಿಲಲ್ಲೇ ತಡೆದೆ. ಗಲಾಟೆಯಾಯಿತು. ಒಬ್ಬಾಕೆ ನನ್ನತ್ತ ಕೈ ನೀಡಿ, "ಇವನೇನು ಶಾಸ್ತ್ರಕ್ಕಿಂತ ದೊಡ್ಡವನೇನಲೇ?" ಎಂದಳು. ನಾನು ಕದಲಲಿಲ್ಲ, ಅವರು ಹಿಂದಿರುಗಿದರು. ಆ ಗೆಲುವನ್ನು ಎಷ್ಟೋ ಸಭೆಗಳಲ್ಲಿ ಉದಾಹರಣೆಯಾಗಿ ಹೇಳಿದ್ದೇನೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಬಂದ ತಂಗಿಯ ಕೈ ಬರಿದಾಗಿತ್ತೆಂಬುದನ್ನು, ಬಚ್ಚಲ ಗೂಡಿನಲ್ಲಿ ಬಳೆಗಳು ಒಂದೂ ಮುಕ್ಕಾಗದೆ ಜೋಡಿಸಿಟ್ಟಿದ್ದವೆಂಬುದನ್ನು ಮಾತ್ರ ಯಾವ ಸಭೆಯಲ್ಲೂ ಹೇಳಿರಲಿಲ್ಲ. ಅವಳು ಹಾಗೇಕೆ ಮಾಡಿದಳೆಂದು ನಾನು ಕೇಳಲೂ ಇಲ್ಲ.

ಹೊಳಲ್ಕೆರೆಯ ಒಂದು ಖಾಸಗಿ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬಂದರೆ ತೊಟ್ಟಿ. ಗಂಡ ಅದರಲ್ಲಿ ಹೊನ್ನಮೀನು ಸಾಕಿದ್ದನಂತೆ. ಅವಳು ಮೀನು ಬೇಡವೆಂದಳು. ನೀರೊಳಗೆ ಗಿಡ ಬೆಳೆಸುತ್ತೇನೆ, ಅದೂ ಕೆಂಪು ಗಿಡ, ಎಂದಳು. ಫೋನಿನಲ್ಲಿ ಯಾವುದೋ ಚಿತ್ರ ನೋಡಿದ್ದಳು: ಗಾಜಿನ ಪೆಟ್ಟಿಗೆಯ ಹಿಂಬದಿಯಲ್ಲಿ ಎತ್ತರದ ದಂಟಿನ ಗಿಡಗಳು, ಅವುಗಳ ತುದಿಯೆಲ್ಲ ಮೆಣಸಿನಕಾಯಿ ಹಣ್ಣಿನ ಕೆಂಪು, ಮುಂದೆ ಗಿಡ್ಡ ಹಸಿರು. ತರಿಸಿ ನೆಟ್ಟ ಮೊದಲ ಗಿಡಗಳು ವಾರದೊಳಗೆ ಲೋಳೆಯಾಗಿ ಕರಗಿದವು. ಎರಡನೆಯ ಬಾರಿಯೂ ಹಾಗೆಯೇ ಆಯಿತು. ಮೂರನೆಯ ಸಲ ಅವಳು ಕರಗಿದ ದಂಟನ್ನೇ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಚಿತ್ರದುರ್ಗಕ್ಕೆ ಬಂದಳು. ಕೋಟೆಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಮೀನಿನ ಅಂಗಡಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ.

ಅಂಗಡಿಯ ಮುಂದೆ ಸಾಲಾಗಿ ಗಾಜಿನ ಬಟ್ಟಲುಗಳು. ಪ್ರತಿ ಬಟ್ಟಲಲ್ಲೂ ತಿರುಗಾಡಲು ಗೇಣು ಜಾಗವಿಲ್ಲದ ಒಂದೊಂದು ಮೀನು. ಒಳಗೆ ಹೋಗುವ ಮೊದಲೇ ನಾನು ಆ ಕ್ರೌರ್ಯದ ಬಗ್ಗೆ ಅಂಗಡಿಯವನಿಗೆ ಹೇಳಿದೆ. ಮೂವತ್ತೈದರ ಆಸುಪಾಸಿನ, ಅಂಗಿಯ ತೋಳು ಸದಾ ಒದ್ದೆಯಿರುವ ಮನುಷ್ಯ. ಸಿಟ್ಟಾಗಲಿಲ್ಲ.

"ನಿಜ ಸರ್. ಮಂದಿ ಅದನ್ನೇ ಕೇಳ್ತಾರೆ, ಮಾರ್ತೀನಿ. ಒಳಗ್ ಬರ್ರಿ, ಕುಂತ್ಕಳ್ರಿ." ಆಮೇಲೆ ತಂಗಿಯ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ. "ಯಾವ ನೀರು ಹಾಕಿದ್ರಿ ಮೇಡಂ?"

"ಬೋರ್‌ ನೀರು."

"ಅದು ನೀರಲ್ಲ ಬಿಡ್ರಿ, ಸುಣ್ಣದ ತಿಳಿ. ನಮ್ ಕಡೆ ಬೋರ್‌ನಾಗೆ ಈ ಸಣ್ಣೆಲೆ ಗಿಡ ಬದುಕಲ್ಲ. ಮಳೆ ನೀರು ಹಿಡೀರಿ. ತಳಕ್ಕೆ ಈ ನೀಲಿ ಕಲ್ಲು ತೆಗದು, ಕೆರೆ ಗೋಡು ಹಾಕ್ರಿ, ಮ್ಯಾಲೆ ಎರಡು ಬೆರಳು ಮರಳು."

ತಂಗಿ ಚೀಟಿಯಲ್ಲಿ ಬರೆದುಕೊಂಡಳು. ಗಂಡ ಹೋದ ಮೇಲೆ ಅವಳು ಏನನ್ನಾದರೂ ಬರೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಜಿಲ್ಲೆಯ ಕೊಳವೆಬಾವಿಯ ನೀರು ಮಕ್ಕಳ ಹಲ್ಲು ಕೆಡಿಸುತ್ತಿದೆಯೆಂದು ನಾನು ವರ್ಷಗಟ್ಟಲೆ ಮನವಿ ಬರೆಯುತ್ತಿದ್ದೆ. ತಂಗಿ ಅದೇ ನೀರನ್ನು ಹನಿ ಹನಿಯಾಗಿ ಪರೀಕ್ಷೆ ಮಾಡಿ, ತಾರಸಿಯಿಂದ ಹಿಡಿದ ಮಳೆನೀರನ್ನು ಅಳತೆಯಾಗಿ ಬೆರೆಸಿ, ಗಿಡ ಬದುಕುವ ಹದಕ್ಕೆ ತಂದಳು. ಗಿಡಗಳಿಗೆ ಬೇಕಾದ ಇಂಗಾಲದ ಗಾಳಿಗೆ ಅಂಗಡಿಯವನು ಹೇಳಿಕೊಟ್ಟ ಉಪಾಯ: ಸೋಡಾ ಬಾಟಲಿಯಲ್ಲಿ ಸಕ್ಕರೆ ನೀರು, ಒಂದು ಚಿಟಿಕೆ ಯೀಸ್ಟ್, ಅಲ್ಲಿಂದ ತೊಟ್ಟಿಗೆ ಒಂದು ಕೊಳವೆ. ಕೊಳವೆಗೆ ತಂಗಿ ಗ್ಲೂಕೋಸ್ ಹಾಕುವ ಹೊಸ ಡ್ರಿಪ್ ಸೆಟ್ ಕೊಂಡು ತಂದಳು. ಅದರ ನಡುವಿನ ಪಾರದರ್ಶಕ ಗೂಡಿನಲ್ಲಿ ಗುಳ್ಳೆಗಳು ಒಂದೊಂದಾಗಿ ಏಳುವುದನ್ನು ಎಣಿಸುತ್ತ ಕೂರುತ್ತಿದ್ದಳು. ನಮ್ಮ ತಾಯಿ ಅಡುಗೆಮನೆಯಿಂದ ಇಣುಕಿ, "ಯಾರಿಗೆ ಡ್ರಿಪ್ ಹಾಕಿಯವ್ವ, ಗಿಡಕ್ಕಾ? ಜ್ವರ ಎಷ್ಟೈತಂತೆ?" ಎನ್ನುತ್ತಿದ್ದರು.

ಅಂಗಡಿಯವನು ತಿಂಗಳಲ್ಲಿ ಒಂದೆರಡು ಭಾನುವಾರ ಹೊಳಲ್ಕೆರೆಗೆ ಬರತೊಡಗಿದ. ಊರಿನ ಒಂದೆರಡು ಕಡೆ ಅವನ ಮೀನಿನ ತೊಟ್ಟಿಗಳಿದ್ದವು. ಅವನ್ನು ತೊಳೆದು ನಮ್ಮ ಮನೆಗೆ ಬರುತ್ತಿದ್ದ. ಒದ್ದೆ ಪತ್ರಿಕೆಯಲ್ಲಿ ಸುತ್ತಿದ ದಂಟುಗಳು ಅವನ ಚೀಲದಲ್ಲಿರುತ್ತಿದ್ದವು. ರೊಟಾಲ, ಲುಡ್ವಿಜಿಯ ಎಂದು ಹೆಸರು ಹೇಳುತ್ತಿದ್ದ. ಅವುಗಳಲ್ಲಿ ಒಂದು ಜಾತಿಯನ್ನು ವ್ಯಾಪಾರಿಗಳು ಪಶ್ಚಿಮಘಟ್ಟದ ಹಳ್ಳಗಳಿಂದ ಕಿತ್ತು ತರುತ್ತಾರೆಂದು ಗೊತ್ತಾದಾಗ ನಾನು ಆಕ್ಷೇಪಿಸಿದೆ. ಆಮೇಲೆ ಅವನು ಅದನ್ನು ತರಲಿಲ್ಲ. ಬದಲಿಗೆ ಊರ ಕೆರೆಯಂಚಿನ ಕೆಸರಿನಲ್ಲಿ ಕಳೆಯಾಗಿ ಬೆಳೆದಿದ್ದ, ನಸುಗೆಂಪು ದಂಟಿನ ಒಂದು ಗಿಡವನ್ನು ಊಟದ ಡಬ್ಬಿಯಲ್ಲಿ ತಂದು ತಂಗಿಗೆ ಕೊಟ್ಟ. ನೀರೊಳಗೆ ಅದರ ಎಲೆ ಸಪೂರವಾಯಿತು, ಬಣ್ಣ ಏರಿತು.

ದಂಟಿನ ಗಿಡಗಳು ನೀರಿನ ಮೇಲ್ಮೈ ಮುಟ್ಟಿದರೆ ಕೆಳಗಿನ ಎಲೆಗಳಿಗೆ ಬೆಳಕಿಲ್ಲದೆ ಬೋಳಾಗುತ್ತವೆ. ಆಗ ಅರ್ಧಕ್ಕೆ ಕತ್ತರಿಸಬೇಕು; ತುದಿಯ ಭಾಗದ ಕೆಳಗಿನ ನಾಲ್ಕೆಲೆ ಬಿಡಿಸಿ, ಉದ್ದನೆಯ ಚಿಮಟದಿಂದ ಮರಳಿನೊಳಗೆ ಓರೆಯಾಗಿ ಇಳಿಸಬೇಕು. ನೇರವಾಗಿ ಇಳಿಸಿದರೆ ತೇಲಿ ಮೇಲೆ ಬರುತ್ತದೆ. ಇದನ್ನು ಅವರಿಬ್ಬರೂ ಮೊಣಕೈವರೆಗೆ ನೀರಲ್ಲಿ ಕೈಯದ್ದಿಕೊಂಡು ಗಂಟೆಗಟ್ಟಲೆ ಮಾಡುತ್ತಿದ್ದರು. ಮಾತು ಕಡಿಮೆ. ನಾನು ಬದಿಯ ಕುರ್ಚಿಯಲ್ಲಿ ಕೂತು ಕರಪತ್ರ ತಿದ್ದುತ್ತಿದ್ದೆ.

ಒಂದು ಭಾನುವಾರ ತಂಗಿ ಕೇಳಿದಳು: "ದಂಟೆಲ್ಲ ಚೆನ್ನಾಗ್ ಬೆಳದವೆ, ಆದ್ರೆ ಹಸುರು. ಕೆಂಪ್ಯಾಕೆ ಬರವಲ್ದು?"

"ಗೊಬ್ಬರ ಜಾಸ್ತಿ ಹಾಕ್ತೀರಿ. ಹೊಟ್ಟೆ ತುಂಬಿದ್ರೆ ಹಸುರಾಗೇ ಇರ್ತಾವೆ. ಸ್ವಲ್ಪ ಹಸ್ದಿರಬೇಕು, ಬೆಳಕು ಜೋರಿರಬೇಕು. ಆಗ ನೋಡ್ರಿ."

ನಾನು ತಲೆಯೆತ್ತಿದೆ. ಹಸಿವಿನಿಂದ ಹುಟ್ಟಿಸಿದ ಸೌಂದರ್ಯವನ್ನು ನೋಡಿ ಮೆಚ್ಚುವುದು ಸರಿಯಲ್ಲ, ಅದು ಶೋಷಣೆಯೇ, ಎಂದು ಹೇಳಿದೆ. ನಾನು ಅದನ್ನು ತಮಾಷೆಗೆ ಹೇಳಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಣ್ಣ, ಗಿಡಗಳ ಪರವಾಗಿ ಒಂದು ಮನವಿ ಬರಿ. ತಹಶೀಲ್ದಾರ್‌ಗೆ ನಾನೇ ಕೊಟ್ಟು ಬರ್ತೀನಿ," ಎಂದು ತಂಗಿ ನಕ್ಕಳು. ಗೋಡೆಗೆ ತಲೆಯಾನಿಸಿ, ನೀರು ತೊಟ್ಟಿಕ್ಕುವ ಕೈಯಿಂದಲೇ ಕಣ್ಣೊರೆಸಿಕೊಂಡು ನಕ್ಕಳು. ಒಂದೂವರೆ ವರ್ಷದ ಮೇಲೆ ಕೇಳಿದ ನಗು. ಒಳಗಿಂದ ತಾಯಿ ಬಾಗಿಲವರೆಗೆ ಬಂದು, ಇಣುಕಿ ನೋಡಿ ಹಿಂದಿರುಗಿದರು.

ಅಂಗಡಿಯವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಗುವೂ ಉಳಿದಿರಲಿಲ್ಲ. ಸಮಯಕ್ಕೆ ವೈದ್ಯರು ಸಿಗದ ಕಾರಣಕ್ಕೆ ಹೆಣ್ಣು ಸಾಯುವುದನ್ನು ವಿಧಿ ಎನ್ನಬಾರದು. ಅದನ್ನೂ ಅವನಿಗೆ ಹೇಳಿದ್ದೆ. ಅವನು ತಲೆಯಾಡಿಸಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ತಂಗಿ ನನ್ನನ್ನು ಹಿತ್ತಲಿಗೆ ಕರೆದು, ಮಳೆನೀರಿನ ಡ್ರಮ್ಮಿನ ಮುಚ್ಚಳ ಸರಿಪಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು:

"ಅವ್ರು ಕೇಳಿದ್ರಣ್ಣ. ನನಗೂ ಇಷ್ಟ ಐತೆ."

ನನ್ನ ಜೀವನದ ಅತ್ಯಂತ ಸಂತೋಷದ ಗಳಿಗೆಗಳಲ್ಲಿ ಅದೊಂದು. ವಿಧವೆಯೊಬ್ಬಳು ತಾನೇ ಆರಿಸಿಕೊಂಡು ಮತ್ತೆ ಮದುವೆಯಾಗುವುದು ನಾನು ಊರೂರಿನಲ್ಲಿ ಬೇಡುತ್ತಿದ್ದ ಸಂಗತಿ. ಅದು ನನ್ನ ಹಿತ್ತಲಲ್ಲೇ ನಡೆದಿತ್ತು.

ಅವನ ತಾಯಿ ಹೊಸದುರ್ಗ ಕಡೆಯ ಮಾಡದಕೆರೆಯವರು. ಕುರಿ ಮೇಯಿಸಿ, ಹೊಲ ಗೇಯ್ದು ಮಕ್ಕಳನ್ನು ಬೆಳೆಸಿದವರು. ನಮ್ಮ ಹಿರಿಯರೂ ಅದೇ ಕಸುಬಿನವರು. ಅವರು ಮೊದಲ ಸಲ ಬಂದ ದಿನ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಸಂಜೆಯ ಹೊತ್ತಿಗೆ ಆ ಎಲೆಗಳ ತುದಿಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಮೂಡಿ, ಒಂದೊಂದಾಗಿ ಮೇಲಕ್ಕೆ ಹೋಗುತ್ತವೆ.

"ಎಲೆ ಉಸ್ರಾಡ್ತಾವಲ್ಲೇ ಮಗಾ," ಎಂದು ತಂಗಿಯ ಕೈ ಹಿಡಿದುಕೊಂಡರು. ಕೈ ಹಿಡಿದೇ ನನ್ನ ತಾಯಿಗೆ ಹೇಳಿದರು: "ಉಡಿಕೆ ಮಾಡ್ಕಳಾಣ ಕಣಕ್ಕ. ಸೀರೆ ನಾನು ತರ್ತೀನಿ."

ಉಡಿಕೆ ನಮ್ಮವರ ಹಳೆಯ ಪದ್ಧತಿ. ಗಂಡ ಸತ್ತ ಹೆಣ್ಣಿಗೆ ಇನ್ನೊಬ್ಬ ಗಂಡು ಹೊಸ ಸೀರೆ ಕೊಟ್ಟು, ನಾಲ್ಕು ಜನ ಹಿರಿಯರೆದುರು ತಾಳಿ ಕಟ್ಟಿ ಕರೆದೊಯ್ಯುವುದು. ಬೇರೆ ಕುಲಗಳಲ್ಲಿ ವಿಧವೆಯ ತಲೆ ಬೋಳಿಸುತ್ತಿದ್ದ ಕಾಲದಲ್ಲೇ ನಮ್ಮ ಅಜ್ಜಿಯರಿಗೆ ಈ ದಾರಿ ತೆರೆದಿತ್ತು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅದು ಅರ್ಧ ತೆರೆದ ಬಾಗಿಲು. ಉಡಿಕೆಗೆ ಚಪ್ಪರವಿಲ್ಲ, ವಾಲಗವಿಲ್ಲ, ಅರಿಶಿನವಿಲ್ಲ. ಹೊತ್ತು ಮುಳುಗಿದ ಮೇಲೆ, ಮುತ್ತೈದೆಯರು ಯಾರೂ ಬಾರದಂತೆ ನಡೆಯುತ್ತದೆ. ಆಮೇಲೆ ಜೀವನವಿಡೀ ಆ ಹೆಣ್ಣು ಇನ್ನೊಬ್ಬರ ಮದುವೆಯಲ್ಲಿ ಆರತಿ ತಟ್ಟೆ ಹಿಡಿಯುವಂತಿಲ್ಲ. ನನ್ನ ತಾಯಿಯ ತಾಯಿ ಉಡಿಕೆಯವರು. ಮಗಳ ಮದುವೆಯ ದಿನ ಅಡುಗೆಮನೆಯಲ್ಲೇ ಕೂತು, ಧಾರೆಯ ವಾಲಗವನ್ನು ಗೋಡೆಯಾಚೆಯಿಂದ ಕೇಳಿದವರು. ಅಡುಗೆಮನೆಯ ಆ ಮೂಲೆಯನ್ನು ತಾಯಿ ನನಗೆ ತೋರಿಸಿದ್ದಾರೆ.

ಆದ್ದರಿಂದ ನಾನು ಉಡಿಕೆ ಬೇಡವೆಂದೆ. ಹಾಡುಹಗಲು, ಕಾರ್ಡು ಹಂಚಿ, ಚಪ್ಪರ ಹಾಕಿ, ಮೊದಲ ಮದುವೆಗೆ ಏನೇನಿತ್ತೋ ಅದೆಲ್ಲದರೊಂದಿಗೆ ನನ್ನ ತಂಗಿಯ ಮದುವೆ ನಡೆಯಬೇಕು. ಅಂಗಡಿಯವನು ನಡುದಾರಿ ಹುಡುಕಿದ. "ಹಗಲು ರಿಜಿಸ್ಟರ್ ಮಾಡಿಸಾಣ ಅಣ್ಣ. ಸಂಜೆ ಅಮ್ಮನ ಸಮಾಧಾನಕ್ಕೆ ಉಡಿಕೇನೂ ಆಗ್ಲಿ. ಯಾರಿಗ್ ಏನು ನಷ್ಟ?" ನಷ್ಟ ತತ್ವಕ್ಕೆ, ಎಂದೆ. ತಂಗಿ ಕತ್ತರಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅವ್ರು ಸಿಕ್ರೆ ಸಾಕು ನನಗೆ. ಹೆಂಗ್ ಮಾಡಿದ್ರೂ ಸರಿ."

"ಹೆಂಗ್ ಮಾಡಿದ್ರೂ ಸರಿ ಅಂತ ಹೆಣ್ಮಕ್ಕಳು ಹೇಳೋದ್ರಿಂದಲೇ ಇದೆಲ್ಲ ಉಳಿದಿರೋದು," ಎಂದೆ. ಈಗ ಆ ವಾಕ್ಯವನ್ನು ಬರೆಯುವಾಗಲೂ ಅದು ತಪ್ಪೆಂದು ನನಗೆ ಅನಿಸುತ್ತಿಲ್ಲ. ಅವಳಿಗೆ ಹೇಳಬೇಕಾದ ಮಾತು ಅದಾಗಿರಲಿಲ್ಲ, ಅಷ್ಟೇ.

ಮಾತುಕತೆಗೆ ಒಂದು ಭಾನುವಾರ ಗೊತ್ತಾಯಿತು. ಅದರ ಹಿಂದಿನ ವಾರ ತಂಗಿ, ನನ್ನ ಮನಸ್ಸು ಮೆತ್ತಗಾಗಲೆಂದು, ಒಂದು ವಿಷಯ ಹೇಳಿದಳು. ಗಿಡ ನೆಡುತ್ತ ಅವನು ಅವಳಿಗೆ ಹೇಳಿದ್ದಂತೆ: ಅವನ ತಾಯಿಯೇ ಉಡಿಕೆಯಾದವರು. ಹದಿನೆಂಟಕ್ಕೆ ಮೊದಲ ಗಂಡ ಸತ್ತ. ಉಡಿಕೆಯಾದ ಮೇಲೆ ದಂಪತಿ ಹುಟ್ಟೂರು ಬಿಟ್ಟು ಮಾಡದಕೆರೆಗೆ ಬಂದು ನೆಲೆಸಿದರು. ಅಲ್ಲಿ ಅದು ಯಾರಿಗೂ ತಿಳಿಯದು. ಅವನ ತಂಗಿಯನ್ನು ಹೊಸದುರ್ಗದ ಅನುಕೂಲಸ್ಥರ ಮನೆಗೆ ಕೊಟ್ಟಾಗಲೂ ಹೇಳಿರಲಿಲ್ಲ. "ಅದ್ಕೇ ಅಣ್ಣ, ಆ ತಾಯಿಗೆ ಉಡಿಕೆ ಅಂದ್ರೆ ಅವಮಾನ ಅಲ್ಲ. ಅವ್ರ ಬಾಳು ಶುರು ಆಗಿದ್ದೇ ಅದ್ರಿಂದ. ನನಗೂ ಅದನ್ನೇ ಕೊಡ್ತಾ ಅವ್ರೆ," ಎಂದಳು.

ನನಗೆ ಅದರಲ್ಲಿ ಕಂಡದ್ದು ಬೇರೆ. ವಾದಕ್ಕೆ ಬೇಕಾದ ಸಾಕ್ಷಿ ಕಂಡಿತು.

ಆ ಭಾನುವಾರ ಮಧ್ಯಾಹ್ನ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿತ್ತು. ಒಂದು ಬದಿಗೆ ನಾವು, ನಮ್ಮ ಕಡೆಯ ಇಬ್ಬರು ಹಿರಿಯರು. ಇನ್ನೊಂದು ಬದಿಗೆ ಅವನು, ಅವನ ತಾಯಿ, ಹೊಸದುರ್ಗದಿಂದ ಬಂದಿದ್ದ ಅವನ ತಂಗಿ, ಆಕೆಯ ಮಾವ. ತಾಯಿಯ ಮಡಿಲಲ್ಲಿ ಕಾಗದದಲ್ಲಿ ಸುತ್ತಿದ ಸೀರೆಯಿತ್ತು. ನನ್ನ ತಂಗಿ ತೊಟ್ಟಿಯ ಪಕ್ಕ ಗೋಡೆಗೊರಗಿ ನಿಂತಿದ್ದಳು.

ನಾನು ಎದ್ದು ನಿಂತು ಮಾತಾಡಿದೆ. ಕೂತು ಮಾತಾಡಬಹುದಿತ್ತು, ಶಾಲೆಯ ಅಭ್ಯಾಸ. ಸಂವಿಧಾನ, ಸಮಾನತೆ, ಗಂಡಸು ಎರಡನೆಯ ಮದುವೆಗೂ ವಾಲಗ ಊದಿಸುವುದು, ಹೆಣ್ಣು ಮಾತ್ರ ಕತ್ತಲಲ್ಲಿ ಹೋಗಬೇಕಾದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹಿರಿಯರೊಬ್ಬರು ತಲೆದೂಗುತ್ತಿದ್ದರು. ಹೊಸದುರ್ಗದ ಮಾವ ಕೂಡ, "ಹುಡುಗ ಹೇಳೋದ್ರಾಗೆ ನ್ಯಾಯ ಐತೆ ಬಿಡ್ರಿ. ಕಾಲ ಬದಲಾಗೈತೆ," ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅವನ ತಾಯಿ ಮಾತ್ರ, "ನಮ್ಮ ಪದ್ಧತಿ ಅಂತ ಒಂದೈತಲ್ಲಪ್ಪ," ಎಂದರು, ಮೆಲ್ಲಗೆ.

ನಾನು ಅವರತ್ತ ತಿರುಗಿ ಕೈಮುಗಿದೆ. ಅತ್ಯಂತ ಗೌರವದಿಂದ ಹೇಳಿದೆ: "ಅಮ್ಮಾ, ಉಡಿಕೆಯ ನೋವು ಈ ಕೋಣೆಯೊಳಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹದಿನೆಂಟು ವರ್ಷಕ್ಕೆ ಕತ್ತಲಲ್ಲಿ ಸೀರೆ ಉಟ್ಟು ಊರು ಬಿಟ್ಟವರು ನೀವು. ನಿಮಗಾದ ಅನ್ಯಾಯ ಇನ್ನೊಬ್ಬಳಿಗೆ ಆಗದಂತೆ ನೀವೇ ಮೊದಲು ಅರಿಶಿನ ಹಚ್ಚಿ."

ಕೋಣೆ ಸ್ತಬ್ಧವಾಯಿತು. ನಾನು ಅದನ್ನು ಮನಸ್ಸು ಕರಗಿದ ಮೌನವೆಂದು ತಿಳಿದು ಇನ್ನೂ ಎರಡು ಮಾತು ಸೇರಿಸಿದೆ. ಹೊಸದುರ್ಗದ ಮಾವ ಸೊಸೆಯ ಕಡೆ ನಿಧಾನವಾಗಿ ತಿರುಗಿದರು. "ಏನಮ್ಮ ಇದು? ನಮಗ್ಯಾರೂ ಹೇಳಿರ್ಲಿಲ್ಲಲ್ಲ." ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಗಡಿಯವನು ನನ್ನನ್ನು ನೋಡಲಿಲ್ಲ; ನನ್ನ ತಂಗಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನೀನಾ ಹೇಳಿದ್ದು, ಎಂಬುದಷ್ಟೇ ಇತ್ತು.

ಅವನ ತಾಯಿ ಸೀರೆಯ ಪೊಟ್ಟಣವನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದರು. ಮಂಡಿ ನೋವಿತ್ತೇನೋ, ಗೋಡೆ ಹಿಡಿದು ಎದ್ದರು.

"ನಿನ್ನ ನ್ಯಾಯ ಭಾಳ ದೊಡ್ಡದು ಕಣಪ್ಪ," ಎಂದರು. "ನಾನು ಕತ್ಲಾಗ್ ಹೋದೋಳು, ನಿಜ. ಹೋದ ಮನೆಯಾಗೆ ನಲವತ್ತು ವರ್ಷ ಬೆಳಕಿತ್ತು. ಅದನ್ನ ಇವತ್ತು ನೀನು ಆರಿಸ್ದೆ."

ಅವರು ಹೋದ ಮೇಲೆ ಚಹಾದ ಲೋಟಗಳು ಹಾಗೇ ಉಳಿದಿದ್ದವು. ನನ್ನ ತಾಯಿ ಅವುಗಳನ್ನು ಎತ್ತುತ್ತ ಹೇಳಿದರು: "ನಮ್ಮವ್ವಂದು ಹೇಳಬೌದಿತ್ತಲ್ಲೋ. ಅದು ನಮ್ಮನೇದಾಗಿತ್ತು."

ನನ್ನದೇ ಅಜ್ಜಿಯ ಕತೆ ಕೈಯಲ್ಲಿತ್ತು. ಅದನ್ನು ಹೇಳಿದ್ದರೆ ನಮ್ಮ ಮನೆಯ ಮರ್ಯಾದೆ ಹೋಗುತ್ತಿತ್ತೋ ಉಳಿಯುತ್ತಿತ್ತೋ, ನಾವು ಅನುಭವಿಸುತ್ತಿದ್ದೆವು. ನಾನು ಇನ್ನೊಬ್ಬ ಹೆಂಗಸು ಜೀವಮಾನವಿಡೀ ಕಾಪಾಡಿಕೊಂಡದ್ದನ್ನು ಅವಳನ್ನು ಕೇಳದೆ ಎತ್ತಿಕೊಂಡೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಅದಕ್ಕೆ ತಕ್ಕ ಹೆಸರಿಡಲು ನಾನು ಒಂದು ಕ್ಷಣವೂ ತಡಮಾಡುತ್ತಿರಲಿಲ್ಲ. ಹೆಣ್ಣಿನ ಖಾಸಗಿ ಬದುಕಿನ ಮೇಲೆ ಗಂಡಸಿನ ಅತಿಕ್ರಮಣ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುತ್ತಿದ್ದೆ.

ಆ ಸಂಜೆ ನಾನು ತಂಗಿಯ ಮೇಲೆಯೇ ರೇಗಿದೆ. ಇಷ್ಟೆಲ್ಲ ನಡೆಯುವಾಗ ನೀನೇಕೆ ಸುಮ್ಮನಿದ್ದೆ, ಅವರನ್ನು ನಿಲ್ಲಿಸಬಹುದಿತ್ತಲ್ಲ, ಎಂದೆ.

"ಸುಮ್ನಿರ್ಲಿಲ್ಲಣ್ಣ," ಎಂದಳು. "ನಿನ್ನ ಮಾತು ಮುಗೀಲಿ ಅಂತ ಕಾಯ್ತಿದ್ದೆ. ಮುಗಿಯೋದ್ರಾಗೆ ಅವ್ರು ಮೆಟ್ಟು ಹಾಕ್ಕೊಂಡಿದ್ರು."

ಚಾಪೆ ಸುತ್ತಿಡುತ್ತ ಮತ್ತೆ ಹೇಳಿದಳು: "ನಾನು ಅದನ್ನ ನಿನಗೆ ಹೇಳಿದ್ದೆ. ಸಭೆಗಲ್ಲ."

ಮರುವಾರ ನಾನು ಅಂಗಡಿಗೆ ಹೋದೆ. ಅವನು ಕುರ್ಚಿ ಕೊಟ್ಟ, ಚಹಾ ತರಿಸಿದ. ಹೊಸದುರ್ಗದಲ್ಲಿ ಅವನ ತಂಗಿಯನ್ನು, ಉಡಿಕೆಯವಳ ಮಗಳೆಂದು, ಮನೆಯ ನಾಮಕರಣಕ್ಕೆ ಮುಂದೆ ಕರೆಯದೆ ಹಿಂದೆ ಕೂರಿಸಿದ್ದರಂತೆ. ಎರಡು ದಿನ ಬಿಟ್ಟು ಆಕೆ ಮಾಡದಕೆರೆಗೆ ಬಂದಿದ್ದಳು. ಯಾವಾಗ ವಾಪಸು ಹೋಗುವಳೆಂದು ಗೊತ್ತಿರಲಿಲ್ಲ. ನಾನು ತಕ್ಷಣ, ಇದು ದೌರ್ಜನ್ಯ, ನಾಳೆಯೇ ಹೋಗಿ ಆ ಮಾವನ ಬಳಿ ಮಾತಾಡುತ್ತೇನೆ, ಎಂದೆ. ಅವನು ಒದ್ದೆಯ ಎರಡೂ ಕೈ ಜೋಡಿಸಿದ.

"ಬ್ಯಾಡ ಅಣ್ಣ. ಕೈ ಮುಗೀತೀನಿ. ನೀವು ಮಾತಾಡಬ್ಯಾಡ್ರಿ."

"ನನ್ನಿಂದ ತಪ್ಪಾಯಿತು."

"ನೀವು ಹೇಳಿದ್ರಾಗೆ ಒಂದಕ್ಷರ ಸುಳ್ಳಿಲ್ಲ. ಸುಳ್ಳಾಗಿದ್ರೆ ಜಗಳಾನಾದ್ರೂ ಆಡಬೌದಿತ್ತು."

ಇಬ್ಬರೂ ವಯಸ್ಕರು, ಕಾನೂನು ನಿಮ್ಮ ಪರವಾಗಿದೆ, ಇಬ್ಬರೇ ಹೋಗಿ ಸಹಿ ಹಾಕಿ, ಸಾಕ್ಷಿಗೆ ನಾನು ಬರುತ್ತೇನೆ, ಎಂದು ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಗುಳ್ಳೆ ಎಣಿಸುತ್ತಿದ್ದಳು. ಎಣಿಕೆ ಮುಗಿಸಿ ತಿರುಗಿದಳು. "ಆ ತಾಯೀನ ಇನ್ನೊಂದ್ ಸಲ ತುಳದು ನಾನು ಆ ಮನೆ ಹೊಸ್ತಿಲು ದಾಟಲ್ಲ." ಅವನೂ ಫೋನಿನಲ್ಲಿ ಅವಳಿಗೆ ಅದನ್ನೇ ಹೇಳಿದ್ದನಂತೆ, ಬೇರೆ ಮಾತಿನಲ್ಲಿ. ಇಬ್ಬರೂ ಒಪ್ಪಿ ದೂರವಾದರು. ಜಗಳವಿಲ್ಲದೆ, ಒಬ್ಬರನ್ನೊಬ್ಬರು ದೂರದೆ.

ಅವಳು ತೊಟ್ಟಿಯನ್ನು ಕಡೆಗಣಿಸಲಿಲ್ಲ. ಮೊದಲಿನಂತೆಯೇ ಭಾನುವಾರ ಕತ್ತರಿ, ಚಿಮಟ. ನಾನು ನೋಡಿದ ಅತ್ಯಂತ ಗಾಢವಾದ ಕೆಂಪು ಆ ತಿಂಗಳುಗಳದ್ದು. ಬೀದಿಯಲ್ಲಿ ಹೋಗುವವರೂ ಕಿಟಕಿಯ ಬಳಿ ನಿಂತು ನೋಡುತ್ತಿದ್ದರು. ಅವಳು ಒಬ್ಬಳೇ ನೆಡುತ್ತಿದ್ದಳು. ನಾನು ಸಹಾಯಕ್ಕೆ ಕೈ ಹಾಕಿದ ದಂಟುಗಳೆಲ್ಲ ಮರುದಿನ ತೇಲಿ ಮೇಲೆ ಬರುತ್ತಿದ್ದವಂತೆ. ಅವಳು ಅವನ್ನು ಮತ್ತೆ ನೆಟ್ಟುಬಿಡುತ್ತಿದ್ದಳು. ಅದನ್ನು ತಾಯಿ ನನಗೆ ಬಹಳ ದಿನಗಳ ಮೇಲೆ ಹೇಳಿದರು.

ಮುಂದಿನ ಬೇಸಿಗೆಗೆ ಹಿರಿಯೂರಿನ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಗಂಡನನ್ನು ಕಳೆದುಕೊಂಡ, ಅತ್ತೆಮನೆಯವರು ಇನ್ನೂ ಇರುವ ಆ ಊರಿಗೇ ಏಕೆ, ಎಂದು ಕೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಅಲ್ಲಿ ನನ್ನ ಪರವಾಗಿ ಯಾರೂ ಮಾತಾಡಲ್ಲಣ್ಣ."

ಬಸ್ಸಿಗೆ ಹೋಗುವ ಮೊದಲು ತೊಟ್ಟಿಯ ಬಗ್ಗೆ ಎಲ್ಲವನ್ನೂ ಬರೆದಿಟ್ಟಿದ್ದಳು. ಯಾವ ನೀರು ಎಷ್ಟು, ಬೆಳಕು ಎಷ್ಟು ಗಂಟೆ, ಯಾವುದನ್ನು ಎಲ್ಲಿ ಕತ್ತರಿಸಬೇಕು. ಮಳೆನೀರು ಏಪ್ರಿಲ್‌ಗೆ ಮುಗಿಯಿತು. ನಾನು ಕೊಳವೆಬಾವಿಯ ನೀರನ್ನೇ ಸ್ವಲ್ಪ ಸ್ವಲ್ಪ ಹಾಕಿದೆ. ಮೊದಲು ಸಣ್ಣೆಲೆಯ ಜಾತಿ ಕರಗಿತು, ಆಮೇಲೆ ಒಂದೊಂದಾಗಿ ಉಳಿದವು. ಕೆರೆಯಂಚಿನಿಂದ ಬಂದ ಆ ಕಳೆ ಗಿಡ ಕೊನೆಯವರೆಗೂ ಇತ್ತು. ಅದೂ ಬೋಳಾದ ಮೇಲೆ ನಾನೂ ತಾಯಿಯೂ ಸೇರಿ ತೊಟ್ಟಿಯನ್ನು ಬರಿದು ಮಾಡಿ ಅಟ್ಟಕ್ಕೆ ಏರಿಸಿದೆವು. ತಂಗಿಗೆ ತಿಳಿಸಿದಾಗ, "ಹೋಗ್ಲಿ ಬಿಡು, ಬ್ಯಾಸಿಗ್ಯಾಗೆ ಕಷ್ಟ," ಎಂದಳು.

ಅವಳು ನನ್ನೊಡನೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ತಾಯಿಯ ಸಕ್ಕರೆ ಕಾಯಿಲೆ, ನನ್ನ ಕೆಮ್ಮು, ಹಿರಿಯೂರಿನ ಬಿಸಿಲು. ಮನಸ್ಸಿನಲ್ಲಿರುವುದನ್ನು ಮಾತ್ರ ಹೇಳುವುದಿಲ್ಲ. ಇದನ್ನು ಬರೆಯುತ್ತೇನೆಂದು ಕೇಳಿದಾಗ, "ಬರಿ. ಹೆಸ್ರು ಬ್ಯಾಡ, ಯಾರ್ದೂ," ಎಂದಳು, ಏನು ಬರೆಯುತ್ತೀಯೆಂದು ಕೇಳಲಿಲ್ಲ.

ಉಡಿಕೆಯನ್ನು ನಾನು ಇಂದಿಗೂ ವಿರೋಧಿಸುತ್ತೇನೆ. ಹೆಣ್ಣಿಗೆ ಅರ್ಧ ಮದುವೆ ಸಾಕೆನ್ನುವುದು ಅನ್ಯಾಯ. ಅದನ್ನು ತುರುವನೂರಿನಲ್ಲಿ ಹೇಳಿದ್ದೇನೆ, ಹೊಸದುರ್ಗದಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಆ ಅನ್ಯಾಯವನ್ನು ತಡೆಯಲು ಹೋಗಿ ನನ್ನ ತಂಗಿಗೆ ಅರ್ಧವೂ ಇಲ್ಲದಂತೆ ಮಾಡಿದವನು ನಾನು.

ಹೋದ ವರ್ಷ ಒಂದು ಮಧ್ಯಾಹ್ನ ಅವಳ ಫೋನು ಬಂತು. ಅವಳು ವಾರವಾರ ಮಾಡುವ ದಿನವಲ್ಲ, ಹೊತ್ತಲ್ಲದ ಹೊತ್ತು. ನಾನು ಹೊಸದುರ್ಗದ ಬಸ್ ನಿಲ್ದಾಣದಲ್ಲಿದ್ದೆ. ಹಿನ್ನೆಲೆಯಲ್ಲಿ ಅವಳ ಲ್ಯಾಬಿನ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಅವ್ರ ಮದುವೆ ಆತಂತಣ್ಣ," ಎಂದಳು. "ಮೊನ್ನೆ. ಅವ್ರೇ ಹೇಳಿದ್ರು. ಆಕೀಗೂ ಗಂಡ ತೀರ್ಕೊಂಡಿದ್ನಂತೆ."

ಹೇಗಿದ್ದೀಯೆಂದು ಕೇಳಬೇಕಿತ್ತು. ಹಿರಿಯೂರಿಗೆ ಬರಲೇ ಎಂದು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಉಡಿಕೆಯೋ, ಮದುವೆಯೋ?" ಎಂದು.

ಯಂತ್ರದ ಸದ್ದು ನಿಧಾನವಾಗಿ ಇಳಿದು ನಿಂತಿತು.

"ಕೇಳ್ಲಿಲ್ಲಣ್ಣ," ಎಂದಳು. ಯಾರೋ ಅವಳನ್ನು ಕರೆದರು, ರಕ್ತ ತೆಗೆಯಲು. ಬಂದೆ, ಎಂದು ಅವರಿಗೆ ಹೇಳಿ ಫೋನು ಇಟ್ಟಳು.